ಕವಿಯ ಹೆಸರಿನಲ್ಲೊಂದು ಊಟ

ನಿಮ್ಮೂರಿನ ಕವಿಯ ನೆನಪಿಗೆಂದು ಎಂದಾದರೂ ನಾಲ್ಕು ಜನರನ್ನು ಊಟಕ್ಕೆ ಕರೆದಿದ್ದೀರಾ? ಸ್ಕಾಟ್ಲೆಂಡಿನವರು ಪ್ರತಿ ವರ್ಷ ಜನವರಿ 25ರಂದು ಹಾಗೆ ಕರೆಯುತ್ತಾರೆ. ಅದು ಅವರ ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ.

1759ರಲ್ಲಿ ರೈತನ ಮಗನಾಗಿ ಹುಟ್ಟಿದ ಬರ್ನ್ಸ್, ತನ್ನ ಜನರ ಆಡುಮಾತಿನಲ್ಲೇ ಹಾಡು ಕಟ್ಟಿ, 1796ರಲ್ಲಿ 37ನೇ ವಯಸ್ಸಿಗೇ ತೀರಿಕೊಂಡ. ಐದು ವರ್ಷಗಳ ಬಳಿಕ ಒಂಬತ್ತು ಮಂದಿ ಅವನು ಹುಟ್ಟಿದ ಪುಟ್ಟ ಮನೆಯಲ್ಲಿ ಸೇರಿ ಉಂಡು, ಅವನನ್ನು ನೆನೆದರು. ಆ ಪದ್ಧತಿ ಇಂದಿಗೂ ನಿಂತಿಲ್ಲ. ತಟ್ಟೆಯಲ್ಲಿರುವುದು 'ಹ್ಯಾಗಿಸ್'. ಕುರಿಯ ಗುಂಡಿಗೆ, ಕಲೇಜಿಗಳನ್ನು ಕೊಚ್ಚಿ, ಓಟ್ಸ್, ಈರುಳ್ಳಿ, ಮಸಾಲೆ ಬೆರೆಸಿ ಬೇಯಿಸಿದ ಬಡವರ ಅಡುಗೆ. ನಮ್ಮ ಬೋಟಿ-ಕಲೇಜಿಯ ದೂರದ ನೆಂಟನೆನ್ನಿ. ಅಲ್ಲೀಗ ಹಲಾಲ್ ಹ್ಯಾಗಿಸ್ ಕೂಡ ಸಿಗುತ್ತದೆ.

ಅಷ್ಟು ದೂರವೇಕೆ, ನಮ್ಮ ಕಲಬುರಗಿ ಸೀಮೆಗೇ ಬನ್ನಿ. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ, ಆಗ ಜೇವರ್ಗಿಗೆ ಸೇರಿದ್ದ ಕಡಕೋಳದಲ್ಲಿ ನೆಲೆಸಿದವರು ತತ್ವಪದಕಾರ ಮಡಿವಾಳಪ್ಪ. ಜಾತಿಯ ಸೊಕ್ಕನ್ನು ನೇರ ಮಾತಿನಲ್ಲಿ ಹಳಿದವರು. ಅವರ ಶಿಷ್ಯರಲ್ಲೊಬ್ಬರು ಜೇವರ್ಗಿ ತಾಲೂಕಿನ ಚೆನ್ನೂರಿನ ಜಲಾಲಸಾಹೇಬರು. ಗುರು ಹಿಂದೂ, ಶಿಷ್ಯ ಮುಸ್ಲಿಂ. ಇಬ್ಬರೂ ಹಾಡಿದ್ದು ಈ ನೆಲದ ಕನ್ನಡದಲ್ಲಿ. ಏಕತಾರಿ, ತಾಳದ ಜೊತೆ ಹಳ್ಳಿಗಳಲ್ಲಿ ಅಹೋರಾತ್ರಿ ಭಜನೆ ನಡೆಯುತ್ತದೆ. ಹಾಡುವವರಿಗೂ ಕೇಳುವವರಿಗೂ ಒಂದೇ ಪಂಕ್ತಿಯ ಊಟ. ಆಳಂದದ ಲಾಡ್ಲೆ ಮಶಾಕರ ಉರುಸಿಗೂ ಎಲ್ಲ ಜಾತಿಯವರೂ ಬರುತ್ತಾ ಬಂದಿದ್ದಾರೆ.

ಆದರೆ ಒಂದು ಆತಂಕವಿದೆ. ಈ ಪದಗಳು ಹೆಚ್ಚಾಗಿ ಉಳಿದದ್ದು ಬಾಯಿಂದ ಬಾಯಿಗೆ. ಹಲವನ್ನು ವಿದ್ವಾಂಸರು ಸಂಗ್ರಹಿಸಿ ಅಚ್ಚು ಹಾಕಿಸಿದ್ದಾರೆ, ನಿಜ. ಆದರೆ ಧಾಟಿಯನ್ನು ಪುಸ್ತಕ ಹಿಡಿದಿಡಲಾರದು. ಹಾಡುವ ಅಜ್ಜ ಕಣ್ಣು ಮುಚ್ಚಿದರೆ ಅವರ ಧಾಟಿಯೂ ಮಣ್ಣಾಗುತ್ತದೆ. ಮನೆಯಲ್ಲಿ ಮಕ್ಕಳು ಟಿ.ವಿ., ಮೊಬೈಲಿನ ಹಾಡು ಕಲಿಯುತ್ತಾರೆ. ಪಕ್ಕದ ಓಣಿಯ ಅಜ್ಜನ ಪದ ಅವರ ಕಿವಿಗೆ ಬೀಳುವುದೇ ಇಲ್ಲ.

ಓದುಗರೇ, ಇದಕ್ಕೆ ದೊಡ್ಡ ಸಮಾರಂಭ ಬೇಡ. ಬರುವ ರಜೆಯಲ್ಲಿ ಒಂದು ಸಂಜೆ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಮಾಡಿ. ಹಾಡು ಬಲ್ಲ ಹಿರಿಯರೊಬ್ಬರನ್ನು ಕರೆಯಿರಿ. ಅವರು ಯಾವ ಧರ್ಮದವರೆಂದು ಕೇಳಬೇಡಿ. ನೆರೆಮನೆಯವರೂ ಬರಲಿ. ಊಟವಾದ ಮೇಲೆ ಅಜ್ಜ ಹಾಡಲಿ, ಮಗಳು ನೋಟುಪುಸ್ತಕದಲ್ಲಿ ಬರೆದುಕೊಳ್ಳಲಿ, ಮಗ ಮೊಬೈಲಿನಲ್ಲಿ ಧಾಟಿ ಹಿಡಿದಿಡಲಿ. ಸ್ಕಾಟ್ಲೆಂಡಿನಲ್ಲಿ ಮೊದಲು ಸೇರಿದ್ದೂ ಒಂಬತ್ತೇ ಜನ. ನಿಮ್ಮ ಮನೆಯಲ್ಲಿ ಐವರಾದರೂ ಸಾಕು.