ಪರೀಕ್ಷೆಯನ್ನು ಗುರುತಿಸಿದ ಕಾರು

ಮೇಲ್ವಿಚಾರಕನು ಸಮೀಪಕ್ಕೆ ಬಂದೊಡನೆ ಕೆಲವು ವಿದ್ಯಾರ್ಥಿಗಳು ಪರಮ ಸಾಧುಗಳಾಗಿಬಿಡುವರು. ಅಧ್ಯಾಪಕರಿಗೆ ಇದು ಹೊಸ ಅನುಭವವಲ್ಲ. ಆದರೆ ಯಂತ್ರವೂ ಹೀಗೆ ನಟಿಸಬಲ್ಲುದೆಂದರೆ ವಾಚಕರು ನಂಬುವರೇ?

ಕಾರಿನ ಬಲವನ್ನು ಅಳೆಯುವ ಯಂತ್ರಕ್ಕೆ ಡೈನಮೋಮೀಟರ್ ಎಂದು ಹೆಸರು. ಉಕ್ಕಿನ ಉರುಳೆಗಳ ಮೇಲೆ ಕಾರಿನ ಚಕ್ರಗಳನ್ನಿರಿಸಿ, ಕಾರನ್ನು ಪಟ್ಟಿಗಳಿಂದ ಬಿಗಿದು ಎಂಜಿನ್ನನ್ನು ಓಡಿಸುವರು. ಚಕ್ರಗಳು ಭರದಿಂದ ತಿರುಗಿದರೂ ಕಾರು ನಿಂತಲ್ಲೇ ನಿಂತಿರುವುದು. ಉರುಳೆಯು ಎಷ್ಟು ಬಲದಿಂದ, ಎಷ್ಟು ವೇಗದಿಂದ ತಿರುಗಿತೆಂಬುದರಿಂದ ಅಶ್ವಶಕ್ತಿಯ ಲೆಕ್ಕ ದೊರೆಯುತ್ತದೆ.

ಇಲ್ಲೊಂದು ತೊಡಕುಂಟು. ಇಂದಿನ ಕಾರುಗಳಲ್ಲಿ ಸ್ಥಿರತೆಯನ್ನು ಕಾಯುವ ವ್ಯವಸ್ಥೆಯೊಂದಿದೆ. 1995ರಲ್ಲಿ ಬಾಷ್ ಸಂಸ್ಥೆಯದು ಮರ್ಸಿಡಿಸ್ ಕಾರಿನಲ್ಲಿ ಮೊದಲು ಬಂದಿತು. ಅದು ಪ್ರತಿ ಚಕ್ರದ ವೇಗವನ್ನೂ ಸ್ಟೀರಿಂಗಿನ ತಿರುವನ್ನೂ ಕ್ಷಣಕ್ಷಣಕ್ಕೂ ಗಮನಿಸುತ್ತದೆ. ಕಾರು ಜಾರುವ ಸೂಚನೆ ಕಂಡೊಡನೆ ಬ್ರೇಕು ಹಾಕಿ ಎಂಜಿನ್ನಿನ ಬಲವನ್ನು ತಗ್ಗಿಸುತ್ತದೆ. ರಸ್ತೆಯಲ್ಲಿ ಇದು ಪ್ರಾಣರಕ್ಷಕ. ಉರುಳೆಗಳ ಮೇಲಾದರೋ ಎರಡು ಚಕ್ರಗಳು ಓಡುತ್ತಿರುವಾಗ ಉಳಿದೆರಡು ನಿಶ್ಚಲವಾಗಿರುವುದನ್ನು ಕಂಡು, ಕಾರು ಜಾರುತ್ತಿದೆಯೆಂದೇ ಅದು ಭ್ರಮಿಸುತ್ತದೆ. ಆಗ ದೊರೆಯುವ ಅಂಕಿ ಸುಳ್ಳಾಗುವುದು. ಆದುದರಿಂದ ಪರೀಕ್ಷೆಯ ಅವಧಿಗೆ ಅದನ್ನು ಸುಮ್ಮನಿರಿಸಬೇಕು. ಹಲವು ಕಾರುಗಳಲ್ಲಿ ಚಾಲಕನ ಮುಂದಿರುವ ಗುಂಡಿಯನ್ನೊತ್ತಿದರೆ ಸಾಲದು. ತಯಾರಕರು ಹೇಳಿದ ವಿಶೇಷ ಕ್ರಮವನ್ನೇ ಅನುಸರಿಸಬೇಕು. ಕೆಲಸ ಮುಗಿದ ಮೇಲೆ ಮರೆಯದೆ ಮತ್ತೆ ಎಚ್ಚರಿಸಲೂ ಬೇಕು.

ಎರಡು ಎಂಜಿನ್ನುಗಳನ್ನು ಹೋಲಿಸುವಾಗ ಉಳಿದೆಲ್ಲವೂ ಸಮನಾಗಿರತಕ್ಕದ್ದು: ಪರೀಕ್ಷೆಯ ಕ್ರಮ, ಎಂಜಿನ್ನಿನ ಕಾವು, ಟೈರಿನ ಗಾಳಿ. ತಂಪಾದ ಗಾಳಿ ಸಾಂದ್ರವಾದುದರಿಂದ ಮುಂಜಾನೆಯ ಎಂಜಿನ್ನಿಗೆ ಮಧ್ಯಾಹ್ನಕ್ಕಿಂತ ಬಲ ಹೆಚ್ಚು. ಇದಕ್ಕಾಗಿ ಅಂಕಿಗಳನ್ನು ಒಂದು ಗೊತ್ತಾದ ಉಷ್ಣತೆಗೂ ವಾಯುಭಾರಕ್ಕೂ ಹೊಂದಿಸಿ ಓದುವರು. ಗೇರು ಮೊದಲಾದವು ಸ್ವಲ್ಪ ಬಲವನ್ನು ನುಂಗುವುದರಿಂದ ಚಕ್ರದಲ್ಲಿ ದೊರೆಯುವ ಶಕ್ತಿ ಎಂಜಿನ್ನಿನ ಶಕ್ತಿಗಿಂತ ಕಡಿಮೆಯೇ. ಇದರಲ್ಲಿ ಮೋಸವೇನೂ ಇಲ್ಲ.

ಮೋಸ ನಡೆದದ್ದು ಬೇರೆ ಕಡೆ. ಹೊಗೆಯ ಪರೀಕ್ಷೆಯೂ ಇಂಥ ಉರುಳೆಗಳ ಮೇಲೆಯೇ ಜರುಗುತ್ತದೆ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಅಳೆಯುವ ಉಪಕರಣಗಳನ್ನು ಕಾರಿನಲ್ಲೇ ಹೇರಿಕೊಂಡು ರಸ್ತೆಗಿಳಿದರು. ಬೆಂಗಳೂರಿನ ಹೇಮಂತ್ ಕಪ್ಪಣ್ಣ ಆ ಸಣ್ಣ ತಂಡದಲ್ಲೊಬ್ಬರು. ಉರುಳೆಗಳ ಮೇಲೆ ನಿಯಮವನ್ನು ಪಾಲಿಸಿದ್ದ ಒಂದು ವೋಕ್ಸ್‌ವ್ಯಾಗನ್ ಡೀಸೆಲ್ ಕಾರು, ರಸ್ತೆಯಲ್ಲಿ ಮಿತಿಯ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡುಗಳನ್ನು ಉಗುಳುತ್ತಿತ್ತು! ಅವರ ವರದಿ 2014ರಲ್ಲಿ ಹೊರಬಂದಿತು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯು ಗುಟ್ಟನ್ನು ಬಯಲಿಗಿಟ್ಟಿತು. ಸ್ಟೀರಿಂಗಿನ ಸ್ಥಿತಿ, ವೇಗ, ಓಟದ ಅವಧಿ, ವಾಯುಭಾರ ಮೊದಲಾದವುಗಳಿಂದ ‘ಇದು ಪರೀಕ್ಷೆ’ ಎಂದು ಕಾರಿನ ಗಣಕವು ಅರಿತು, ಆಗ ಮಾತ್ರ ಹೊಗೆಯನ್ನು ಪೂರ್ಣವಾಗಿ ಶುದ್ಧಿಗೊಳಿಸುತ್ತಿತ್ತು. ಇಂಥ ತಂತ್ರಾಂಶ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿರುವುದಾಗಿ ಕಂಪನಿಯೇ ಹೇಳಿತು.

ಸ್ಥಿರತಾ ವ್ಯವಸ್ಥೆಯನ್ನು ಮಲಗಿಸುವವನು ಅಳತೆ ಸತ್ಯವಾಗಲೆಂದು, ಎಲ್ಲರೂ ಅರಿಯುವಂತೆ ಮಲಗಿಸುತ್ತಾನೆ. ಇಲ್ಲಿ ಅಳತೆ ಸುಳ್ಳಾಗಲೆಂದೇ ಗುಟ್ಟಾಗಿ ಬದಲಾವಣೆ ನಡೆಯಿತು. ಕೊಠಡಿಯ ಉತ್ತರಪತ್ರಿಕೆಯೊಂದನ್ನೇ ನೋಡಿ ಅಂಕ ಕೊಡುವ ನಮ್ಮಂಥವರೂ, ವಿದ್ಯಾರ್ಥಿಯು ಹೊರಗೆ ಹೇಗಿರುವನೆಂದು ಆಗಾಗ ನೋಡುವುದು ಲೇಸು.