ಪೈನ್ ಮರಕ್ಕೆ ಎಲೆ ಬಂದ ಹೊತ್ತು

‘ಕೆನರಿ ಹಾಡುತ್ತದೆ.’ ಸರಿಯೋ ತಪ್ಪೋ, ಗುಂಡಿ ಒತ್ತಿ ಹೇಳಬೇಕು. 1969ರಲ್ಲಿ ಅಮೆರಿಕದ ಅಲನ್ ಕಾಲಿನ್ಸ್ ಮತ್ತು ರಾಸ್ ಕ್ವಿಲಿಯನ್ ಇಂಥ ವಾಕ್ಯಗಳನ್ನು ಜನರ ಮುಂದಿಟ್ಟು, ಉತ್ತರಕ್ಕೆ ತಗಲುವ ಸಮಯವನ್ನು ಅಳೆದರು. ಈ ವಾಕ್ಯಕ್ಕೆ ಸುಮಾರು 1.3 ಸೆಕೆಂಡು ಸಾಕಾಯಿತು. ‘ಕೆನರಿಗೆ ಚರ್ಮವಿದೆ’ ಎಂಬುದಕ್ಕೆ 1.5ರ ಹತ್ತಿರ ಬೇಕಾಯಿತು. ತಲೆಯೊಳಗೊಂದು ಏಣಿಯಿದೆ, ಕೆನರಿಯ ಮೇಲೆ ಹಕ್ಕಿ, ಹಕ್ಕಿಯ ಮೇಲೆ ಪ್ರಾಣಿ, ಚರ್ಮದ ಸಂಗತಿ ಆ ಮೇಲಿನ ಮೆಟ್ಟಿಲಲ್ಲಿದೆ ಎಂಬ ವಿವರಣೆ ಬಂತು.

ಏಣಿ ಅಲುಗಿದ್ದು ಲಂಡನ್ನಿನಲ್ಲಿ. 1975ರಲ್ಲಿ ಎಲಿಜಬೆತ್ ವಾರಿಂಗ್ಟನ್ ಮೂವರು ರೋಗಿಗಳ ಬಗ್ಗೆ ಬರೆದರು. ಪದಗಳ, ವಸ್ತುಗಳ ಅರ್ಥವೇ ಅವರ ಕೈತಪ್ಪುತ್ತಿತ್ತು. ಆದರೆ ಒಂದು ಕ್ರಮದಲ್ಲಿ: ವಿವರಗಳು ಮೊದಲು ಹೋಗುತ್ತಿದ್ದವು, ‘ಇದೊಂದು ಪ್ರಾಣಿ’ ಎಂಬಷ್ಟು ಉಳಿಯುತ್ತಿತ್ತು. ಕೆಳಗಿನ ಮೆಟ್ಟಿಲೇ ಮುರಿದವರು ಮೇಲಿನದನ್ನು ಮುಟ್ಟಿದ್ದು ಹೇಗೆ?

1990ರ ಸುಮಾರಿಗೆ ಸ್ಟ್ಯಾನ್‌ಫರ್ಡ್‌ನ ಡೇವಿಡ್ ರುಮೆಲ್‌ಹಾರ್ಟ್ ಏಣಿಯೇ ಇಲ್ಲದ ಪುಟ್ಟ ನರಜಾಲವೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಅದಕ್ಕೆ ಗೊತ್ತಿರಬೇಕಾದದ್ದು ಎಂಟೇ ಜೀವಿಗಳು: ಪೈನ್, ಓಕ್, ಗುಲಾಬಿ, ಡೇಸಿ, ರಾಬಿನ್, ಕೆನರಿ, ಸನ್‌ಫಿಶ್, ಸಾಲ್ಮನ್. ಕೆನರಿ ಹಾರುತ್ತದೆ, ಗುಲಾಬಿಗೆ ಬೇರಿದೆ ಎಂಬಂಥ ಸಂಗತಿಗಳನ್ನು ತೋರಿಸುವುದು, ತಪ್ಪಿದಾಗಲೆಲ್ಲ ಕೊಂಡಿಗಳ ಬಲವನ್ನು ಚೂರೇ ಚೂರು ತಿದ್ದುವುದು. ಇಷ್ಟೇ ಪಾಠ.

ಮುಂದೆ ಟಿಮೊಥಿ ರಾಜರ್ಸ್ ಮತ್ತು ಜೇ ಮೆಕ್‌ಕ್ಲೆಲೆಂಡ್ ಈ ಜಾಲದ ಒಳಗನ್ನು ಹಂತಹಂತವಾಗಿ ಗಮನಿಸಿದರು. 2004ರಲ್ಲಿ ಅವರ ಪುಸ್ತಕ ಬಂತು. ಮೊದಮೊದಲು ಜಾಲಕ್ಕೆ ಎಂಟೂ ಒಂದೇ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಸಸ್ಯ ಒಂದು ಕಡೆ, ಪ್ರಾಣಿ ಇನ್ನೊಂದು ಕಡೆ ಸರಿಯುತ್ತವೆ. ಮತ್ತೆ ಕೊಂಚ ತಡೆದು ಹಕ್ಕಿ ಮೀನಿನಿಂದ, ಮರ ಹೂವಿನಿಂದ ಬೇರೆಯಾಗುತ್ತವೆ. ರಾಬಿನ್ ಮತ್ತು ಕೆನರಿ ಅಗಲುವುದು ಕಟ್ಟಕಡೆಗೆ. ಕಲಿತ ಜಾಲವನ್ನು ಕೆಡಿಸಿದರೆ ವಿವರಗಳೇ ಮೊದಲು ಅಳಿಯುತ್ತಿದ್ದವು, ವಾರಿಂಗ್ಟನ್‌ರ ರೋಗಿಗಳಲ್ಲಿ ಆದ ಹಾಗೆಯೇ. ರುಮೆಲ್‌ಹಾರ್ಟ್ ಅವರನ್ನೂ ಮೆದುಳನ್ನು ಸವೆಸುವ ಪಿಕ್ಸ್ ಕಾಯಿಲೆ ಹಿಡಿದಿತ್ತು. 1998ರಲ್ಲಿ ಕೆಲಸ ಬಿಟ್ಟರು, 2011ರಲ್ಲಿ ತೀರಿಕೊಂಡರು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈ ಕ್ರಮ ಏಕೆ ಎಂಬುದಕ್ಕೆ ಗಣಿತದ ಉತ್ತರ ಸಿಕ್ಕಿದ್ದು 2013ರಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲೇ. ಆಂಡ್ರ್ಯೂ ಸ್ಯಾಕ್ಸ್, ಮೆಕ್‌ಕ್ಲೆಲೆಂಡ್ ಮತ್ತು ಸೂರ್ಯ ಗಂಗುಲಿ ಜಾಲವನ್ನು ತೀರಾ ಸರಳಗೊಳಿಸಿದರು: ಒಳಬಂದದ್ದನ್ನು ಕೂಡಿ ಮುಂದಕ್ಕೆ ದಾಟಿಸುವುದಷ್ಟೇ ನ್ಯೂರಾನಿನ ಕೆಲಸ. ಇಂಥ ಜಾಲ ಎಷ್ಟು ಪದರವಿದ್ದರೂ ಒಂದು ಪದರ ಮಾಡುವುದಕ್ಕಿಂತ ಹೆಚ್ಚೇನೂ ಮಾಡಲಾರದು. ಆದರೆ ಅದು ಕಲಿಯುವ ಬಗೆಯೇ ಬೇರೆ. ಒಂದು ಪದರ ಎಷ್ಟು ಬೇಗ ಬೆಳೆಯುತ್ತದೆ ಎಂಬುದು ಇನ್ನೊಂದರ ಬಲವನ್ನು ಅವಲಂಬಿಸಿದೆ. ಎರಡೂ ದುರ್ಬಲವಾಗಿರುವಾಗ ಕಲಿಕೆ ತೆವಳುತ್ತದೆ; ಒಂದಿಷ್ಟು ಬಲ ಬಂದರೆ ಸಾಕು, ಒಮ್ಮೆಲೇ ಚಿಮ್ಮುತ್ತದೆ. ಒಂದೇ ಪದರದ ಜಾಲದಲ್ಲಿ ಈ ಚಿಮ್ಮುವಿಕೆ ಇಲ್ಲ. ಯಾವ ಭೇದ ಮೊದಲು ಚಿಮ್ಮುತ್ತದೆ? ಅತಿ ಹೆಚ್ಚು ಸಂಗತಿಗಳಲ್ಲಿ ಒಟ್ಟಾಗಿ ಕಾಣಿಸುವ ಭೇದ. ಗಣಿತದಲ್ಲಿ ಇದರ ಅಳತೆಗೆ ಸಿಂಗ್ಯುಲರ್ ವ್ಯಾಲ್ಯೂ ಎನ್ನುತ್ತಾರೆ. ಅದು ದೊಡ್ಡದಾದಷ್ಟೂ ಕಲಿಯಲು ಬೇಕಾದ ಸಮಯ ಕಡಿಮೆ. ಸಸ್ಯ–ಪ್ರಾಣಿ ಭೇದಕ್ಕೆ ಅದು ಅತಿ ದೊಡ್ಡದು, ರಾಬಿನ್–ಕೆನರಿ ಭೇದಕ್ಕೆ ಚಿಕ್ಕದು. ಏಣಿಯನ್ನು ಯಾರೂ ಒಳಗಿಡಬೇಕಾಗಿರಲಿಲ್ಲ. ಅದು ಸಂಗತಿಗಳಲ್ಲೇ ಇತ್ತು.

ರಾಜರ್ಸ್ ಮತ್ತು ಮೆಕ್‌ಕ್ಲೆಲೆಂಡ್ ಕಂಡಿದ್ದ ಒಂದು ತಪ್ಪಿಗೂ ಈಗ ಅರ್ಥ ಬಂತು. ಪೈನ್ ಮರಕ್ಕೆ ಎಲೆಯಿದೆ ಎಂದು ಜಾಲಕ್ಕೆ ಯಾರೂ ಹೇಳಿರಲಿಲ್ಲ. ಆದರೂ ಕಲಿಕೆಯ ನಡುವೆ ಕೆಲಕಾಲ ಅದು ಹೌದು, ಇದೆ ಎನ್ನುವತ್ತ ವಾಲುತ್ತಿತ್ತು, ಆಮೇಲೆ ತಾನಾಗಿ ತಿದ್ದಿಕೊಳ್ಳುತ್ತಿತ್ತು. ಪೈನ್ ಒಂದು ಸಸ್ಯ ಎಂಬುದು ಆಗ ಅದಕ್ಕೆ ತಿಳಿದಿತ್ತು. ಯಾವ ಸಸ್ಯ ಎಂಬುದು ಇನ್ನೂ ತಿಳಿದಿರಲಿಲ್ಲ.