ಹೆಂಡತಿಯ ಪಾಲಿನ ತೆರಿಗೆ ರಿಯಾಯಿತಿ ಗಂಡನಿಗೆ ಸಿಗುತ್ತದೆಯೇ?

ಪಂಜ, ಬೆಳ್ಳಾರೆ, ಕಡಬದ ಕಡೆ ಈಗ ಅಡಿಕೆ ತೋಟದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವ ದಂಪತಿಗಳಿದ್ದಾರೆ. ಪುತ್ತೂರು, ಸುಳ್ಯದ ಕಾಲೇಜು, ಬ್ಯಾಂಕುಗಳಿಗೆ ದಿನಾ ಹೋಗಿ ಬರುವವರೂ ಇದ್ದಾರೆ. ಮಗು ಹುಟ್ಟಿದಾಗಲೋ, ಮನೆಯ ಹಿರಿಯರು ಹಾಸಿಗೆ ಹಿಡಿದಾಗಲೋ ಇಬ್ಬರಲ್ಲೊಬ್ಬರು, ಹೆಚ್ಚಾಗಿ ಹೆಂಡತಿಯೇ, ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಳ್ಳುತ್ತಾರೆ. ಆಕೆಯ ಸಂಬಳ ತೆರಿಗೆಯ ಮಿತಿಗಿಂತ ಎಷ್ಟೋ ಕೆಳಗೆ ಬಂತು. ಬಳಕೆಯಾಗದೆ ಉಳಿದ ಆ ಮಿತಿಯನ್ನು ಗಂಡನ ಲೆಕ್ಕಕ್ಕೆ ಹಾಕಿಸಬಹುದೇ?

ಹಾಗೆ ಮಾಡಲು ಬರುವುದಿಲ್ಲ. ನಮ್ಮ ಆದಾಯ ತೆರಿಗೆ ಕಾನೂನಿಗೆ ಗಂಡ ಬೇರೆ, ಹೆಂಡತಿ ಬೇರೆ. ಒಂದೊಂದು ಪ್ಯಾನ್ ಸಂಖ್ಯೆಗೂ ಒಂದೊಂದು ಲೆಕ್ಕ. ಐರ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಅನುಕೂಲ ಇದೆ. ಅಲ್ಲಿ ದಂಪತಿ ಜಂಟಿ ಲೆಕ್ಕ ಆರಿಸಿಕೊಂಡರೆ ತಲಾ 2,000 ಯೂರೊದ ವೈಯಕ್ತಿಕ ಕ್ರೆಡಿಟ್ ಒಟ್ಟು 4,000 ಆಗುತ್ತದೆ, ಅದನ್ನು ಒಬ್ಬರ ಸಂಬಳದ ಮೇಲೇ ಪೂರ್ತಿ ಹಾಕಿಸಿಕೊಳ್ಳಬಹುದು. ನಮ್ಮ ದೇಶದೊಳಗೆ ಗೋವಾದ ಕಥೆ ಬೇರೆ. ಪೋರ್ಚುಗೀಸ್ ಸಿವಿಲ್ ಕಾನೂನಿನ ಆಸ್ತಿ ಪದ್ಧತಿಗೆ ಒಳಪಟ್ಟ ದಂಪತಿಯ ಬಾಡಿಗೆ, ಬಡ್ಡಿ, ವ್ಯಾಪಾರದ ಆದಾಯವನ್ನು 1961ರ ಕಾಯ್ದೆಯ ಕಲಂ 5ಎ ಇಬ್ಬರಿಗೂ ಸಮನಾಗಿ ಹಂಚುತ್ತದೆ. ಸಂಬಳ ಮಾತ್ರ ಅಲ್ಲೂ ದುಡಿದವರದ್ದೇ.

ಗಂಡ, ಹೆಂಡತಿಗೆ ಬೇರೆ ಬೇರೆ ಲೆಕ್ಕ ಎನ್ನುವುದರ ಪೆಟ್ಟು ಎಷ್ಟೆಂದು 2025-26ರ ಹೊಸ ಪದ್ಧತಿಯ ದರದಲ್ಲಿ ಲೆಕ್ಕ ಹಾಕೋಣ. 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಗಂಡನದು 15 ಲಕ್ಷ, ಹೆಂಡತಿಯದು 5 ಲಕ್ಷ ಉಳಿಯಿತೆನ್ನಿ. ಆಕೆಗೆ ತೆರಿಗೆ ಇಲ್ಲ. ಆತನಿಗೆ 1,05,000, ಸೆಸ್ ಸೇರಿ 1,09,200 ರೂಪಾಯಿ. ಅದೇ 20 ಲಕ್ಷವನ್ನು ಇಬ್ಬರೂ ತಲಾ ಹತ್ತರಂತೆ ದುಡಿದಿದ್ದರೆ ಒಂದು ರೂಪಾಯಿಯೂ ಕಟ್ಟಬೇಕಿರಲಿಲ್ಲ, ಏಕೆಂದರೆ 12 ಲಕ್ಷದವರೆಗಿನವರಿಗೆ ಪೂರ್ತಿ ರಿಬೇಟ್ ಇದೆ. ಒಂದೇ ಒಲೆಯ ಅನ್ನ ಉಣ್ಣುವ ಮನೆಗೆ ಈ ವ್ಯತ್ಯಾಸ ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ದಂಪತಿಗೆ ಜಂಟಿ ರಿಟರ್ನ್ ಆಯ್ಕೆ ಕೊಡಿ ಎಂದು ಲೆಕ್ಕಪರಿಶೋಧಕರ ಸಂಸ್ಥೆಯಾದ ಐಸಿಎಐ 2025ರ ಬಜೆಟ್‌ಗೆ ಮುನ್ನ ಸಲಹೆ ಕೊಟ್ಟಿತ್ತು. ಅದು ಜಾರಿಗೆ ಬರಲಿಲ್ಲ.

ನಮ್ಮೂರಿನ ಮನೆಗಳಿಗೆ ಇನ್ನೊಂದು ಸುತ್ತು ಇದೆ, ತೋಟದ್ದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಅದು 5,000 ರೂಪಾಯಿ ದಾಟಿ, ಉಳಿದ ಆದಾಯವೂ ಮೂಲ ಮಿತಿ ಮೀರಿದರೆ, ಸಂಬಳಕ್ಕೆ ಯಾವ ದರ ಎಂದು ನಿರ್ಧರಿಸುವಾಗ ಅಡಿಕೆಯ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಮೇಲಿನ ಗಂಡನ ಹೆಸರಲ್ಲಿ ತೋಟವಿದ್ದು ಖರ್ಚು ಕಳೆದು 5 ಲಕ್ಷ ಉಳಿದರೆ, ಅವನ ಸಂಬಳದ ತೆರಿಗೆ ಸೆಸ್ ಸೇರಿ 1,76,800ಕ್ಕೆ ಏರುತ್ತದೆ. ಅದೇ ತೋಟ ಹೆಂಡತಿಗೆ ತವರಿನಿಂದ ಬಂದದ್ದಾಗಿದ್ದರೆ ರಿಬೇಟ್ ಕಳೆದು ಆಕೆಯ ತೆರಿಗೆ ಸೊನ್ನೆಯಲ್ಲೇ ನಿಲ್ಲುತ್ತಿತ್ತು, ಗಂಡನದೂ ಏರುತ್ತಿರಲಿಲ್ಲ.

ಹಾಗಿದ್ದರೆ ಆರ್‌ಟಿಸಿಯಲ್ಲಿ ಹೆಂಡತಿಯ ಹೆಸರು ಹಾಕಿಸಿಬಿಡೋಣ ಎಂದು ಹೊರಟವರನ್ನು ತಡೆಯುವುದೇ 1961ರ ಕಾಯ್ದೆಯ ಕಲಂ 64, ಆಡಿಟರುಗಳ ಬಾಯಲ್ಲಿ ಕ್ಲಬ್ಬಿಂಗ್. ಗಂಡ ಹೆಂಡತಿಗೆ ಕೊಟ್ಟ ದಾನಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಆ ಆಸ್ತಿಯಿಂದ ಬರುವ ಆದಾಯ ಗಂಡನ ಲೆಕ್ಕಕ್ಕೇ ಮರಳುತ್ತದೆ. ಅತ್ತೆ-ಮಾವ ಬದುಕಿರುವಾಗ ಸೊಸೆಗೆ ಬರೆದುಕೊಟ್ಟರೂ ಆದಾಯ ಕೊಟ್ಟವರ ಹೆಸರಿಗೇ ಸೇರುತ್ತದೆ. ವೀಲುನಾಮೆಯ ಮೂಲಕ ಅವರ ಕಾಲಾನಂತರ ಬಂದದ್ದಕ್ಕೆ ಈ ತೊಡಕಿಲ್ಲ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಕ್ಲಬ್ಬಿಂಗ್ ಉಳಿದಿದೆ.

ಗಂಡನ ದುಡ್ಡಿನಿಂದ ಹೆಂಡತಿಯ ಹೆಸರಲ್ಲಿ ಎಫ್‌ಡಿ ಇಟ್ಟರೂ ಹೀಗೇ. ಬಡ್ಡಿ ಗಂಡನದು, ಆದರೆ ಬ್ಯಾಂಕ್ ಟಿಡಿಎಸ್ ಕಡಿಯುವುದು ಆಕೆಯ ಪ್ಯಾನ್‌ಗೆ. ಕ್ರೆಡಿಟ್ ನಿಜವಾಗಿ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಇಲ್ಲಿ. 37ಬಿಎ ನಿಯಮದಂತೆ ಹೆಂಡತಿ ಬ್ಯಾಂಕಿಗೆ ಘೋಷಣೆ ಬರೆದುಕೊಟ್ಟರೆ, ಬಡ್ಡಿ ಯಾರ ಆದಾಯವೋ ಆ ಗಂಡನಿಗೇ ಟಿಡಿಎಸ್ ಕ್ರೆಡಿಟ್ ಸಿಗುತ್ತದೆ. ಜಂಟಿ ಎಫ್‌ಡಿಗೂ ಇದು ಅನ್ವಯಿಸುತ್ತದೆ. ಆಕೆ ತನ್ನ ಸಂಬಳದಿಂದಲೇ ಇಟ್ಟ ಠೇವಣಿಯಾದರೆ ಬಡ್ಡಿಯೂ ಆಕೆಯದೇ. ಅದಕ್ಕಾಗಿ ಮನೆಖರ್ಚನ್ನು ಗಂಡನ ಖಾತೆಯಿಂದ ಮಾಡಿ, ಹೆಂಡತಿಯ ಸಂಬಳವನ್ನು ಉಳಿತಾಯಕ್ಕೆ ಬಿಡುವುದು ಸರಳ, ಕಾನೂನುಬದ್ಧ ದಾರಿ.

ಹಳೇ ಪದ್ಧತಿಯಲ್ಲಿ ಇರುವವರಿಗೆ ಇನ್ನೂ ಸ್ವಲ್ಪ ಅವಕಾಶ ಇದೆ. ಹೆಂಡತಿಯ ಎಲ್‌ಐಸಿ ಕಂತು, ಆಕೆಯ ಪಿಪಿಎಫ್ ಖಾತೆಗೆ ಕಟ್ಟಿದ ಹಣ ಗಂಡನ 80ಸಿಯ 1.5 ಲಕ್ಷದೊಳಗೆ ಸೇರುತ್ತದೆ. ಆಕೆಯ ಆರೋಗ್ಯ ವಿಮೆ 80ಡಿಗೆ ಸೇರುತ್ತದೆ. ಹೊಸ ಪದ್ಧತಿಯಲ್ಲಿ ಇವು ಯಾವುವೂ ಇಲ್ಲ.

ವರ್ಷದ ನಡುವೆ ಅರ್ಧ ದಿನಕ್ಕೆ ಇಳಿದವರು ಆ ತಿಂಗಳೇ ಕಚೇರಿಯ ಲೆಕ್ಕ ವಿಭಾಗಕ್ಕೆ ತಿಳಿಸಿ. ಮೊದಲ ತಿಂಗಳುಗಳಲ್ಲಿ ಇಡೀ ವರ್ಷದ ಪೂರ್ತಿ ಸಂಬಳ ಎಂದುಕೊಂಡು ಟಿಡಿಎಸ್ ಕಡಿದಿರುತ್ತಾರೆ. ಹೆಚ್ಚು ಹೋದದ್ದನ್ನು ಅದೇ ವರ್ಷದ ಉಳಿದ ತಿಂಗಳುಗಳಲ್ಲಿ ಸರಿಪಡಿಸಲು ಕಾನೂನಿನಲ್ಲೇ ಅವಕಾಶವಿದೆ. ಹಾಗೆ ಆಗದಿದ್ದರೆ, ಆದಾಯ ಮಿತಿಯೊಳಗಿದ್ದರೂ ಆಕೆ ರಿಟರ್ನ್ ಸಲ್ಲಿಸಲೇಬೇಕು. ಕಡಿದ ಹಣ ರಿಫಂಡ್ ಆಗಿ ಬರುವುದು ಅದರಿಂದ ಮಾತ್ರ.